ಪಹಣಿಯಲ್ಲಿ ಹೆಸರಿಲ್ಲದವಳ ಸಾಲ

ಹೆಂಗಸರು ಕಷ್ಟ ಹೇಳಿಕೊಂಡರೆ ಜನ ಅರ್ಧ ಮಾತ್ರ ನಂಬುತ್ತಾರೆ ಅಂತ ಲೇಖಕಿಯೊಬ್ಬರು ಬರೆದಿದ್ದನ್ನು ಓದಿದೆ. ನಿಜ. ಆದರೆ ಇದು ಬರೀ ಮನೆಮಂದಿಯ ಬುದ್ಧಿ ಅಲ್ಲ, ಸರ್ಕಾರಿ ಕಾಗದದಲ್ಲೂ ಹೀಗೇ ಇದೆ.

ನಮ್ಮ ಮಂಡ್ಯದ ಕಡೆ ನೋಡಿ. ಕಳೆ ಕೀಳುವುದು, ನಾಟಿ ಹಾಕುವುದು, ದನ ನೋಡುವುದು ಹೆಚ್ಚಾಗಿ ಹೆಂಗಸರೇ. ಸಂಘದ ಸಾಲದ ಕಂತಿಗೆ ದುಡ್ಡು ಹೊಂದಿಸುವವರೂ ಅವರೇ. ಪಹಣಿಯಲ್ಲಿ ಮಾತ್ರ ಗಂಡನ ಹೆಸರು, ಇಲ್ಲಾ ಮಾವನದು. ಅವನು ಸಾಲ ಅಂದರೆ ರೈತನ ಸಂಕಷ್ಟ. ಅವಳು ಅದೇ ಸಾಲದ ಬಗ್ಗೆ ಬಾಯಿಬಿಟ್ಟರೆ "ಸಂಸಾರ ಅಂದ್ಮೇಲೆ ಇದ್ದದ್ದೇ ಬಿಡಮ್ಮ" ಅನ್ನುತ್ತಾರೆ. ಸತ್ತ ಮೇಲೂ ಅಷ್ಟೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಆತ್ಮಹತ್ಯೆ ವರದಿಯಲ್ಲಿ ಗೃಹಿಣಿಯರದ್ದೇ ಬೇರೆ ಲೆಕ್ಕ. ಹೊಲದಲ್ಲಿ ದುಡಿದ ಎಷ್ಟೋ ಹೆಂಗಸರು ಅದರೊಳಗೆ ಸೇರಿಹೋಗುತ್ತಾರೆ. ಜಮೀನು ಹೆಸರಲ್ಲಿಲ್ಲ, ಹಾಗಾಗಿ ರೈತಳಲ್ಲ! ಇದು ಯಾವ ನ್ಯಾಯ?

ಗುಂಪಾಗಿ ಬಂದರೆ ನಂಬುತ್ತಾರಾ? ಅದೂ ಅನುಮಾನ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ತಮ್ಮ ಪಿಎಫ್ (ಭವಿಷ್ಯ ನಿಧಿ) ಹಣ ಪೂರ್ತಿ ತೆಗೆಯದಂತೆ ತಡೆಯುವ ಹೊಸ ನಿಯಮದ ವಿರುದ್ಧ ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಆಗಲೂ "ಇವರ ಹಿಂದೆ ಯಾರಿದ್ದಾರೆ" ಅಂತ ಕೇಳಿದವರು ಇದ್ದರು.