ಗೋಡೆಯ ಫಲಕ ವೈಫೈಯನ್ನು ಸೂಜಿಮೊನೆ ಮಾಡುತ್ತದೆಯೇ? ಸತ್ಯಾಂಶ

"ಗೋಡೆಗೆ ಅಂಟಿಸುವ ಮೆಟಾಸರ್ಫೇಸ್ ಫಲಕ ವೈಫೈ ಅಲೆಗಳನ್ನು ಸೂಜಿಮೊನೆಯಷ್ಟು ಜಾಗಕ್ಕೆ ಸೇರಿಸಿ, ದೂರದಿಂದಲೇ ಜನರನ್ನು ಸುಡುತ್ತದೆ" ಎಂಬ ಸಂದೇಶ ನಿಮಗೂ ಬಂದಿರಬಹುದು. ಇದು ನಿಜವಲ್ಲ.

ಮೆಟಾಸರ್ಫೇಸ್, ಅಂದರೆ ಅಲೆಗಳನ್ನು ಬೇಕಾದಂತೆ ಮರಳಿಸುವ ಫಲಕ, ಇರುವುದಂತೂ ನಿಜ. ಅದರ ಪುಟ್ಟ ಲೋಹದ ಚೌಕಗಳನ್ನು ವಿದ್ಯುತ್ತಿನಿಂದ ಬದಲಾಯಿಸಬಹುದು. ಆಗ ಅಲೆ ಹಾಗೇ ಮರಳುತ್ತದೆ, ಇಲ್ಲವೇ ಅದರ ಏರಿಳಿತ ತಿರುವುಮುರುವಾಗಿ ಮರಳುತ್ತದೆ. ಸರಿಯಾಗಿ ಹೊಂದಿಸಿದರೆ ಒಂದೆಡೆ ಸಿಗ್ನಲ್ ಜಾಸ್ತಿಯಾಗುತ್ತದೆ, ಅಷ್ಟೇ. ಅಲೆಗೆ ಹೊಸ ಶಕ್ತಿ ಸೇರುವುದಿಲ್ಲ. ಮನೆಯ ರೂಟರ್ ಹೊರಸೂಸುವುದು ಸಾಮಾನ್ಯವಾಗಿ 0.1 ವಾಟ್ ಆಸುಪಾಸು. ಮೈಕ್ರೋವೇವ್ ಓವನ್‌ನಲ್ಲಿ ಅದು ನೂರಾರು ವಾಟ್.

ಇನ್ನು ಸೂಜಿಮೊನೆಯ ಮಾತು. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂ.ಮೀ. ದೂರದಿಂದ ಕೂಡಿಸಿದರೆ ಅಲೆಗಳು ಸೇರುವ ಚುಕ್ಕೆ ಅದರ ಅರ್ಧಕ್ಕಿಂತ, ಅಂದರೆ ಸುಮಾರು 6 ಸೆಂ.ಮೀ.ಗಿಂತ ಸಣ್ಣದಾಗದು. 2007ರಲ್ಲಿ ಪ್ಯಾರಿಸ್‌ನ ಭೌತವಿಜ್ಞಾನಿ ಮಥಿಯಾಸ್ ಫಿಂಕ್ ಅವರ ತಂಡ ಅದನ್ನು ಅಲೆಯುದ್ದದ 30ನೇ ಒಂದು ಭಾಗಕ್ಕೆ, ಸುಮಾರು 4 ಮಿ.ಮೀ.ಗೆ ಇಳಿಸಿತು. ನಿಜಕ್ಕೂ ಸೊಗಸಾದ ಕೆಲಸ! ಆದರೆ ಅದಕ್ಕಾಗಿ ಅಲೆ ಹಿಡಿಯುವ ಆಂಟೆನಾ ಸುತ್ತಲೇ ತೆಳು ತಂತಿಗಳ ಕುಂಚ ಇಡಬೇಕಾಯಿತು. ಹತ್ತಿರದಲ್ಲೇ ಅಡಗಿಹೋಗುವ ಸೂಕ್ಷ್ಮ ಅಲೆಗಳನ್ನು ದೂರದ ಅಲೆಗೆ ಬೆಸೆಯುವುದು ಆ ತಂತಿಗಳೇ. ಗೋಡೆಯ ಫಲಕವೊಂದರಿಂದಲೇ, ಬರಿ ಗಾಳಿಯಲ್ಲಿ ಇದು ಆಗುವುದಿಲ್ಲ.