ಒಂಬತ್ತನೇ ಗಂಟೆಯಲ್ಲಿ ಬದಲಾದ ಒಂದು ಪದ

ಮೊನ್ನೆ ರಾತ್ರಿ 14 ಗಂಟೆಯ ಒಂದು ಆಡಿಯೋಬುಕ್ ಕೇಳಿ ಮುಗಿಸಿದೆ. ಹದಿಹರೆಯದವರಿಗೆ ಅಂತ ಬರೆದ ಫ್ಯಾಂಟಸಿ ಕಾದಂಬರಿ. ಕಥೆ ಮುಗಿದ ಮೇಲೂ ಕಿವಿಯಿಂದ ಇಯರ್‌ಫೋನ್ ತೆಗೆಯಲು ಮನಸ್ಸಾಗಲಿಲ್ಲ. ಕತ್ತಲಲ್ಲಿ ಸುಮ್ನೆ ಕೂತಿದ್ದೆ. ಇದೇ ಪುಸ್ತಕವನ್ನು ಅಚ್ಚಿನಲ್ಲಿ ಎರಡು ಸಲ ಅರ್ಧಕ್ಕೆ ಬಿಟ್ಟವಳು ನಾನು. ಒಮ್ಮೆ 60ನೇ ಪುಟದ ಹತ್ತಿರ, ಇನ್ನೊಮ್ಮೆ 90 ದಾಟಿದ ಮೇಲೆ. ಎರಡು ಸಲವೂ ನನ್ನ ದೂರು ಒಂದೇ ಆಗಿತ್ತು: ಏನೂ ಆಗುತ್ತಿಲ್ಲ.

ಪುಸ್ತಕದ ಹೆಸರು ಬೇಕೆಂದೇ ಹೇಳುತ್ತಿಲ್ಲ. ಮುಂದೆ ಅದರ ಗುಟ್ಟನ್ನೇ ಬಿಚ್ಚಿಡುವವಳಿದ್ದೇನೆ. ಹೆಸರೂ ಹೇಳಿ ಗುಟ್ಟೂ ಹೇಳಿದರೆ ಓದಬೇಕಾದವರಿಗೆ ಅನ್ಯಾಯ, ಅಲ್ವಾ?

ಮೂರನೇ ಸಲ ಕೇಳಲು ಕೂತಿದ್ದಕ್ಕೆ ದೊಡ್ಡ ಕಾರಣವೇನಿಲ್ಲ. ದಿನವಿಡೀ ಕಂಪ್ಯೂಟರ್ ನೋಡಿ ಕಣ್ಣು ಸೋತಿರುತ್ತಿತ್ತು. ರಾತ್ರಿ ಓದುವುದನ್ನು ಸ್ವಲ್ಪ ದಿನ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದರು. ಓದದೇ ಮಲಗಿ ಅಭ್ಯಾಸವಿಲ್ಲ. ಹಾಗಾಗಿ ಕಿವಿಗೆ ಬಂದೆ.

ಕಥೆ ಹೀಗಿದೆ. ಎತ್ತರದ ಗೋಡೆ ಕಟ್ಟಿಕೊಂಡ ಒಂದು ಊರು. ಗೋಡೆಯ ಮೇಲೆ ದಿನಾ ಸಂಜೆ ದೀಪ ಹಚ್ಚುವುದು ಹದಿನೈದು ವರ್ಷದ ಒಬ್ಬ ಹುಡುಗಿಯ ಕೆಲಸ. ಅವಳ ತಾಯಿ ಚಿಕ್ಕಂದಿನಲ್ಲೇ ಕಾಣೆಯಾಗಿದ್ದಾಳೆ. ಸಾಕಿದ್ದು ಅಜ್ಜಿ. ಮೊದಲ ನಾಲ್ಕು ಗಂಟೆ ಪೂರ್ತಿ ಅವಳು ದೀಪ ಹಚ್ಚುತ್ತಾಳೆ ಅಷ್ಟೆ. ಬತ್ತಿ ಹೊಸೆಯುತ್ತಾಳೆ. ಎಣ್ಣೆ ಅಳೆಯುತ್ತಾಳೆ. ಮೆಟ್ಟಿಲು ಎಣಿಸುತ್ತಾಳೆ. ಗಾಳಿ ಯಾವ ಕಡೆಯಿಂದ ಬಂದರೆ ಯಾವ ದೀಪ ಮೊದಲು ಆರುತ್ತದೆ ಅಂತ ಅವಳಿಗೆ ಗೊತ್ತು. ಮಾಯೆ ಇಲ್ಲ, ಮಂತ್ರ ಇಲ್ಲ, ಯುದ್ಧ ಇಲ್ಲ. ದೀಪ ಆರಬಾರದು ಅನ್ನುವ ಒಂದೇ ಒಂದು ಕಟ್ಟಳೆ. ಯಾಕೆ ಆರಬಾರದು ಅಂತ ಯಾರೂ ಹೇಳುವುದಿಲ್ಲ. ಹೊರಗಿರುವ ಏನೋ ಒಂದು ಒಳಗೆ ಬಾರದಿರಲಿ ಅಂತ ಊರಿಗೆ ಊರೇ ನಂಬಿದೆ.

ಅಚ್ಚಿನಲ್ಲಿ ಓದುವಾಗ ನಾನು ಈ ಭಾಗದಲ್ಲಿ ಏನು ಮಾಡಿದ್ದೆ ಅಂತ ಈಗ ಸ್ಪಷ್ಟವಾಗಿ ಗೊತ್ತು. ಬತ್ತಿಯ ವರ್ಣನೆ ಬಂದ ಕೂಡಲೇ ಕಣ್ಣು ಪ್ಯಾರಾದ ಕೊನೆಗೆ ಜಿಗಿಯುತ್ತಿತ್ತು. ಮಾತುಕತೆ ಎಲ್ಲಿದೆ ಅಂತ ಹುಡುಕುತ್ತಿತ್ತು. ಅಜ್ಜಿಯ ಹಾಡು ಓರೆ ಅಕ್ಷರದಲ್ಲಿ ಅಚ್ಚಾಗಿತ್ತು. ಓರೆ ಅಕ್ಷರದ ಹಾಡನ್ನಂತೂ ನಾನು ಯಾವ ಪುಸ್ತಕದಲ್ಲೂ ಪೂರ್ತಿ ಓದಿದವಳಲ್ಲ. ಪುಟದ ಮೇಲೆ ಕಣ್ಣಾಡಿಸಬಹುದು. ಆದರೆ ಕಿವಿಯಾಡಿಸಲು ಬರುವುದಿಲ್ಲ. ಓದುವವರು ಬತ್ತಿ ಹೊಸೆದು ಮುಗಿಸುವ ತನಕ ನಾವೂ ಅಲ್ಲೇ ಕೂತಿರಬೇಕು.

ಇದಕ್ಕೊಂದು ಸರಳ ಲೆಕ್ಕವೂ ಇದೆ. ಇಂಗ್ಲಿಷ್ ಪುಸ್ತಕವನ್ನು ಗಟ್ಟಿಯಾಗಿ ಓದುವವರು ಸಾಮಾನ್ಯವಾಗಿ ನಿಮಿಷಕ್ಕೆ 150 ಪದಗಳ ಆಸುಪಾಸಿನಲ್ಲಿರುತ್ತಾರೆ. ಗಂಟೆಗೆ ಸುಮಾರು 9,000 ಪದ. ಮನಸ್ಸಿನಲ್ಲೇ ಓದುವ ದೊಡ್ಡವರು ನಿಮಿಷಕ್ಕೆ 240 ಪದದವರೆಗೂ ಸುಲಭವಾಗಿ ಹೋಗುತ್ತಾರೆ. ಅಂದರೆ ಕೇಳುವಾಗ ನಾವು ನಮ್ಮ ಅಭ್ಯಾಸಕ್ಕಿಂತ ತುಂಬಾ ನಿಧಾನವಾಗಿ ನಡೆಯುತ್ತಿರುತ್ತೇವೆ. ಬೇಗ ಓಡುವ ಕಥೆಗೆ ಇದು ಅಡ್ಡಿ ಅನ್ನಿಸಬಹುದು. ಮೆಲ್ಲಗೆ ಕಟ್ಟುವ ಕಥೆಗೆ ಇದೇ ಸರಿಯಾದ ನಡಿಗೆ ಅಂತ ನನಗೆ ಅನ್ನಿಸಿತು. ಮೂರನೇ ಗಂಟೆ ಮುಗಿಯುವಷ್ಟರಲ್ಲಿ ಆ ಗೋಡೆ ನನಗೆ ಪರಿಚಯವಾಗಿತ್ತು. ಯಾವ ಮೆಟ್ಟಿಲು ಸವೆದಿದೆ, ಯಾವ ಮೂಲೆಯಲ್ಲಿ ಗಾಳಿ ಜಾಸ್ತಿ, ಎಲ್ಲಾ ಗೊತ್ತಿತ್ತು. ನಾನು ನೆನಪಿಟ್ಟುಕೊಳ್ಳಲು ಪ್ರಯತ್ನ ಮಾಡಿರಲಿಲ್ಲ. ದಿನಾ ಅದೇ ಹಾದಿಯಲ್ಲಿ ಓಡಾಡಿದ ಹಾಗೆ ತಾನಾಗೇ ಒಳಗೆ ಇಳಿದಿತ್ತು.

ಅದಕ್ಕೇ ಒಂದು ಮಾತು ಕೇಳಿಕೊಳ್ಳುತ್ತೇನೆ. ಇಂಥ ಪುಸ್ತಕವನ್ನು ದಯವಿಟ್ಟು ಒಂದೂವರೆ ಪಟ್ಟು ವೇಗದಲ್ಲಿ ಕೇಳಬೇಡಿ. ಪಾಠಕ್ಕೆ, ಸುದ್ದಿಗೆ, ಹರಟೆಗೆ ಬೇಕಾದಷ್ಟು ವೇಗ ಇಟ್ಟುಕೊಳ್ಳಿ. ನಾನೂ ಇಡುತ್ತೇನೆ. ಆದರೆ ಕಥೆಯ ವೇಗ ಹೆಚ್ಚಿಸಿದಾಗ ಮಾತಿನ ಜೊತೆಗೆ ಮೌನವೂ ಚಿಕ್ಕದಾಗುತ್ತದೆ. ಕೆಲವು ಆ್ಯಪ್‌ಗಳಲ್ಲಿ ಮಾತಿನ ನಡುವಿನ ಮೌನವನ್ನು ತಾನಾಗೇ ಕತ್ತರಿಸುವ ಸೌಲಭ್ಯವೇ ಇದೆ. ಸಮಯ ಉಳಿಯುತ್ತದೆ, ನಿಜ. ಈ ಪುಸ್ತಕದಲ್ಲಿ ಅದನ್ನು ಹಾಕಿದ್ದರೆ ನಾನು ಕಳೆದುಕೊಳ್ಳುತ್ತಿದ್ದುದು ಎಷ್ಟು ಅಂತ ಈಗ ಹೇಳುತ್ತೇನೆ.

ಅಜ್ಜಿಯ ಹಾಡು ಮೊದಲನೇ ಗಂಟೆಯಲ್ಲೇ ಬರುತ್ತದೆ. ದೀಪ ಎಣಿಸುವ ಹಾಡು. ನನ್ನ ಮಾತಿನಲ್ಲಿ ಹೇಳುವುದಾದರೆ ಅರ್ಥ ಇಷ್ಟು: ಒಂದು ದೀಪ ಗಾಳಿಗೆ, ಒಂದು ದೀಪ ದಾರಿಗೆ, ಒಂದು ದೀಪ ಮನೆಗೆ ಬರುವವರಿಗೆ. ಹುಡುಗಿ ಗೋಡೆ ಹತ್ತುವಾಗೆಲ್ಲ ಇದನ್ನು ಗುನುಗುತ್ತಾಳೆ. ಐದಾರು ಸಲ ಬಂದ ಮೇಲೆ ನನಗೂ ಬಾಯಿಪಾಠವಾಯಿತು. ಪಾತ್ರೆ ತೊಳೆಯುವಾಗ ನಾನೂ ಗುನುಗುತ್ತಿದ್ದೆ.

ಒಂಬತ್ತನೇ ಗಂಟೆ. ಅಜ್ಜಿಗೆ ಹುಷಾರಿಲ್ಲ. ಹುಡುಗಿ ಬಾಗಿಲ ಆಚೆ ನಿಂತಿದ್ದಾಳೆ. ಒಳಗೆ ತಾನೊಬ್ಬಳೇ ಇದ್ದೇನೆ ಅಂದುಕೊಂಡು ಅಜ್ಜಿ ಹಾಡುತ್ತಾಳೆ. ಒಂದು ದೀಪ ಗಾಳಿಗೆ. ಒಂದು ದೀಪ ದಾರಿಗೆ. ಆಮೇಲೆ ಒಂದು ಸಣ್ಣ ಮೌನ. ಒಂದು ಉಸಿರಿನಷ್ಟು, ಅಷ್ಟೇ. ಒಂದು ದೀಪ ಮನೆಗೆ ಬಾರದವರಿಗೆ.

ನನ್ನ ಕೈ ನಲ್ಲಿಯ ಕೆಳಗೆ ಹಾಗೇ ನಿಂತುಬಿಟ್ಟಿತು. ನೀರು ಹರಿಯುತ್ತಲೇ ಇತ್ತು. ಒಂದೇ ಪದ ಬದಲಾಗಿತ್ತು, ಅಷ್ಟರಲ್ಲೇ ಇಡೀ ಊರು ತಲೆಕೆಳಗಾಯಿತು. ದೀಪಗಳು ಯಾರನ್ನೂ ಹೆದರಿಸಲು ಹಚ್ಚಿದ್ದವಲ್ಲ. ಗೋಡೆಯ ಹೊರಗೆ ಕಳೆದುಹೋದ ತಮ್ಮವರೇ ದಾರಿ ಕಂಡು ವಾಪಸ್ ಬರಲಿ ಅಂತ ಹಚ್ಚಿದ್ದು. ಊರಿಗೆ ಅದು ಮರೆತುಹೋಗಿದೆ. ಅಜ್ಜಿಗೆ ಮಾತ್ರ ನೆನಪಿದೆ. ಮಗಳು ಬರುವುದಿಲ್ಲ ಅಂತ ಗೊತ್ತಿದ್ದೂ ಆಕೆ ಇಷ್ಟು ವರ್ಷ ಮೊಮ್ಮಗಳ ಕೈಯಲ್ಲಿ ದೀಪ ಹಚ್ಚಿಸಿದ್ದಾಳೆ. ಲೇಖಕರು ಇದನ್ನು ವಿವರಿಸುವುದು ಇನ್ನೂ ಒಂದು ಗಂಟೆ ಆದ ಮೇಲೆ. ಆದರೆ ಹಾಡು ಬಾಯಿಪಾಠವಾಗಿದ್ದವರಿಗೆ ಅಲ್ಲೇ, ಆ ಮೌನದಲ್ಲೇ ಗೊತ್ತಾಗುತ್ತದೆ. ಮೊದಲ ನಾಲ್ಕು ಗಂಟೆ ಬೇಕಿದ್ದದ್ದು ಇದಕ್ಕೇ. ಮಾಮೂಲಿ ಯಾವುದು ಅಂತ ನಮಗೆ ಮೊದಲು ಗಟ್ಟಿಯಾಗಿ ಗೊತ್ತಿರಬೇಕು. ಆಗ ಮಾತ್ರ ಅದು ಕೂದಲೆಳೆಯಷ್ಟು ಬದಲಾದರೂ ಎದೆಗೆ ತಾಗುತ್ತದೆ. ಅಚ್ಚಿನಲ್ಲಿ ನಾನು ಹಾಡು ಹಾರಿಸಿಕೊಂಡೇ ಅಲ್ಲಿಗೆ ತಲುಪಿದ್ದರೆ ಆ ಸಾಲು ನನಗೆ ಏನೂ ಆಗುತ್ತಿರಲಿಲ್ಲ.

ಇನ್ನೊಂದು ಸಂಗತಿ ಗೊತ್ತಾಗಿದ್ದು ಮುಗಿದ ಮೇಲೆ, ಕೆಲವು ಭಾಗ ಮತ್ತೆ ಕೇಳಿದಾಗ. ಐದನೇ ಗಂಟೆಯಿಂದ ಗೋಡೆಯಾಚೆ ಒಂದು ದನಿ ಹುಡುಗಿಯನ್ನು ಕರೆಯಲು ಶುರು ಮಾಡುತ್ತದೆ. ಪಿಸುಮಾತಿನ ದನಿ. ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಕೊನೆಯಲ್ಲಿ ಅದು ತಾಯಿಯದು ಅಂತ ಗೊತ್ತಾಗುತ್ತದೆ. ಪುಟದ ಮೇಲೆ ಈ ಗುಟ್ಟು ಕಾಯುವುದು ಸುಲಭ. ಅಕ್ಷರಕ್ಕೆ ದನಿ ಇಲ್ಲವಲ್ಲ. ಗಟ್ಟಿಯಾಗಿ ಓದುವವರು ಏನು ಮಾಡಬೇಕು? ತಾಯಿಯ ದನಿಯಲ್ಲೇ ಓದಿದರೆ ಗುಟ್ಟು ರಟ್ಟಾಯಿತು. ಪೂರ್ತಿ ಬೇರೆ ದನಿಯಲ್ಲಿ ಓದಿದರೆ ಆಮೇಲೆ ಮೋಸ ಅನ್ನಿಸುತ್ತದೆ. ಈ ಓದುಗಾರ್ತಿ ಏನು ಮಾಡಿದ್ದಾರೆ ಗೊತ್ತಾ? ಎರಡನೇ ಗಂಟೆಯಲ್ಲಿ ಹುಡುಗಿಯ ನೆನಪಿನಲ್ಲಿ ತಾಯಿ ಬರುವಾಗ, ಮಗಳ ಹೆಸರು ಹೇಳುವ ಮುಂಚೆ ಸಣ್ಣಗೆ ಒಮ್ಮೆ ಉಸಿರು ಎಳೆದುಕೊಳ್ಳುತ್ತಾಳೆ. ಗೋಡೆಯಾಚೆಯ ಪಿಸುಮಾತಿನಲ್ಲೂ ಅದೇ ಉಸಿರು, ಅದೇ ಜಾಗದಲ್ಲಿ. ಮೊದಲ ಸಲ ಕೇಳುವಾಗ ನನಗೆ ತಿಳಿಯಲೇ ಇಲ್ಲ. ಆದರೂ ಆ ಪಿಸುಮಾತು ನನ್ನಲ್ಲಿ ಹೆದರಿಕೆ ಹುಟ್ಟಿಸಿರಲಿಲ್ಲ. ಯಾಕೋ ಸಂಕಟವೇ ಆಗುತ್ತಿತ್ತು. ಕಾರಣ ಆ ಉಸಿರು ಅಂತ ಈಗ ಅರ್ಥವಾಗಿದೆ.

ಇಷ್ಟು ಮಾಡಬೇಕಾದರೆ ಮೈಕಿನ ಮುಂದೆ ಕೂರುವ ಮೊದಲೇ ಅವರು ಇಡೀ ಪುಸ್ತಕ ಓದಿರಲೇಬೇಕು. ಒಳ್ಳೆಯ ಆಡಿಯೋಬುಕ್ ಓದುಗರು ಹಾಗೇ ಮಾಡುತ್ತಾರೆ. ಪಾತ್ರಗಳ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಯಾರ ದನಿ ಹೇಗೆ ಅಂತ ಗುರುತಿಟ್ಟುಕೊಳ್ಳುತ್ತಾರೆ. ಫ್ಯಾಂಟಸಿಯಲ್ಲಿ ಊರು, ಜನ, ದೇವರು, ಪ್ರಾಣಿ ಎಲ್ಲದಕ್ಕೂ ಹೊಸದಾಗಿ ಹುಟ್ಟಿಸಿದ ಹೆಸರುಗಳಿರುತ್ತವೆ. ಅವನ್ನು ಹೇಗೆ ಉಚ್ಚರಿಸಬೇಕು ಅಂತ ಎಷ್ಟೋ ಸಲ ಲೇಖಕರನ್ನೇ ಕೇಳಿ ಪಟ್ಟಿ ಮಾಡಿಕೊಳ್ಳುತ್ತಾರೆ. ನಮಗೆ ಕೇಳಿಸುವ ಒಂದು ಗಂಟೆಯ ಹಿಂದೆ ಹಲವು ಗಂಟೆಗಳ ಓದು, ತಪ್ಪಿದ್ದನ್ನು ಮತ್ತೆ ಓದುವುದು, ಎಡಿಟಿಂಗ್ ಎಲ್ಲಾ ಇರುತ್ತದೆ. ಮುಖಪುಟದಲ್ಲಿ ಅವರ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ. ನನಗಂತೂ ಇನ್ನು ಮುಂದೆ ಲೇಖಕರ ಹೆಸರಿನಷ್ಟೇ ಓದಿದವರ ಹೆಸರೂ ಮುಖ್ಯ.

ಕಷ್ಟಗಳೂ ಇವೆ. ಅಚ್ಚಿನ ಪುಸ್ತಕದ ಮೊದಲ ಪುಟದಲ್ಲಿದ್ದ ನಕ್ಷೆ ಕಿವಿಗೆ ಸಿಗಲಿಲ್ಲ. ಒಂದೇ ಅಕ್ಷರದಿಂದ ಶುರುವಾಗುವ ಮೂರು ಹೆಸರುಗಳು ಬಂದಾಗ ಯಾರು ಯಾರೆಂದು ಗೊಂದಲವಾಗಿ, ಅಧ್ಯಾಯದ ಮೊದಲಿಗೇ ವಾಪಸ್ ಹೋದೆ. ಮನಸ್ಸು ಅಲೆಯುವುದಂತೂ ಇದ್ದೇ ಇದೆ. 2013ರಲ್ಲಿ ಕೆನಡಾದ ಸಂಶೋಧಕರು ಗಟ್ಟಿಯಾಗಿ ಓದುವುದು, ಮನಸ್ಸಿನಲ್ಲಿ ಓದುವುದು, ಬೇರೆಯವರು ಓದಿದ್ದನ್ನು ಕೇಳುವುದು, ಈ ಮೂರನ್ನೂ ಹೋಲಿಸಿ ನೋಡಿದರು. ಮನಸ್ಸು ಅತಿ ಹೆಚ್ಚು ಅಲೆದದ್ದು ಕೇಳುವಾಗಲೇ. ನನ್ನ ಅನುಭವವೂ ಅದೇ. ಕಣ್ಣು ಮುಚ್ಚಿ ಮಲಗಿ ಕೇಳಿದರೆ ಹತ್ತು ನಿಮಿಷದಲ್ಲಿ ನಾನು ಬೇರೆಲ್ಲೋ ಇರುತ್ತಿದ್ದೆ. ಫೋನ್ ನೋಡುತ್ತಾ ಕೇಳಿದರಂತೂ ಮುಗಿದೇ ಹೋಯಿತು. ಕೈಗೆ ಕೆಲಸವಿದ್ದು ತಲೆಗೆ ಕೆಲಸವಿಲ್ಲದಾಗ ಕೇಳಿದರೆ ಒಂದು ಪದವೂ ತಪ್ಪುತ್ತಿರಲಿಲ್ಲ. ಬಟ್ಟೆ ಮಡಚುವಾಗ, ಪಾತ್ರೆ ತೊಳೆಯುವಾಗ, ವಾಕಿಂಗ್ ಹೋದಾಗ. ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಕೇಳಲಿಲ್ಲ. ಎರಡು ವಾರ ಹಿಡಿಯಿತು.

"ಕೇಳುವುದು ಓದಿದ ಹಾಗಾಗುತ್ತದಾ?" ಅಂತ ಇಬ್ಬರು ಮೂವರು ಕೇಳಿದರು. ಈ ಪ್ರಶ್ನೆ ನನಗೆ ನೋವು ಕೊಡುತ್ತದೆ. ದನಿಯ ಪುಸ್ತಕ ಹುಟ್ಟಿದ್ದೇ ಕಣ್ಣಿನಿಂದ ಓದಲಾಗದವರಿಗಾಗಿ. ಎಡಿಸನ್ 1877ರಲ್ಲಿ ದನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಯಂತ್ರ, ಫೋನೋಗ್ರಾಫ್ ಮಾಡಿದರು. ಮರುವರ್ಷವೇ ಅದರಿಂದ ಏನೇನು ಉಪಯೋಗ ಅಂತ ಬರೆದಾಗ ಕಣ್ಣು ಕಾಣದವರಿಗೆ ಮಾತಾಡುವ ಪುಸ್ತಕಗಳನ್ನೂ ಅದರಲ್ಲಿ ಸೇರಿಸಿದ್ದರು. ಅದು ನಿಜವಾಗಿದ್ದು 1930ರ ದಶಕದಲ್ಲಿ. ಅಮೆರಿಕದಲ್ಲಿ 1934ರಲ್ಲಿ, ಬ್ರಿಟನ್ನಿನಲ್ಲಿ 1935ರಲ್ಲಿ 'ಟಾಕಿಂಗ್ ಬುಕ್' ಅನ್ನುವ ಗ್ರಾಮಫೋನ್ ರೆಕಾರ್ಡುಗಳು ಬಂದವು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರ ಅಗತ್ಯವೂ ಬ್ರಿಟನ್ನಿನಲ್ಲಿ ಅದಕ್ಕೆ ಒಂದು ಕಾರಣ. ಅಮೆರಿಕದ ಆ ರೆಕಾರ್ಡುಗಳ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು 15 ನಿಮಿಷ. ನಾನು ಕೇಳಿದ 14 ಗಂಟೆಯ ಪುಸ್ತಕಕ್ಕೆ ಆ ಲೆಕ್ಕದಲ್ಲಿ 28 ರೆಕಾರ್ಡು ಬೇಕು. ಕಾಲು ಗಂಟೆಗೊಮ್ಮೆ ಎದ್ದು ರೆಕಾರ್ಡು ತಿರುಗಿಸಿ, ಬದಲಿಸಿ, ಮತ್ತೆ ಬಂದು ಕೂತು ಕಾದಂಬರಿ ಮುಗಿಸಿದವರು ಅವರು. ಅವರು ಮಾಡಿದ್ದು ಓದಲ್ಲ ಅಂತ ಯಾವ ಬಾಯಲ್ಲಿ ಹೇಳುವುದು? 2019ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಒಂದಷ್ಟು ಜನರಿಗೆ ಒಂದೇ ಕಥೆಗಳನ್ನು ಕೇಳಿಸಿಯೂ ಓದಿಸಿಯೂ ಮೆದುಳಿನ ಸ್ಕ್ಯಾನ್ ಮಾಡಿದರು. ಪದದ ಅರ್ಥ ಮೆದುಳಿನಲ್ಲಿ ಮೂಡುವ ರೀತಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದರೆ ಈ ಪ್ರಶ್ನೆಗೆ ಸ್ಕ್ಯಾನಿಗಿಂತ ಆ 28 ರೆಕಾರ್ಡುಗಳೇ ನನಗೆ ದೊಡ್ಡ ಉತ್ತರ.

"ಮಕ್ಕಳ ಪುಸ್ತಕ ಈ ವಯಸ್ಸಿನಲ್ಲಿ ಯಾಕೆ?" ಅಂದವರಿಗೂ ಒಂದು ಮಾತು. ಈ ಪುಸ್ತಕಗಳ ಮೇಲೆ 12ರಿಂದ 18 ಅಂತ ವಯಸ್ಸು ಬರೆದಿರುತ್ತದೆ, ನಿಜ. ಆದರೆ ನಮ್ಮ ಹದಿನೈದನೇ ವಯಸ್ಸು ಹೇಗಿತ್ತು ಅಂತ ನೆನಪು ಮಾಡಿಕೊಳ್ಳಿ. ದಿನಾ ಅದೇ ಕೆಲಸ, ಅದೇ ಬುದ್ಧಿಮಾತು, ಯಾಕೆ ಅಂತ ಕೇಳಿದರೆ ಉತ್ತರ ಕೊಡದ ದೊಡ್ಡವರು. ಏನೂ ಆಗುತ್ತಿಲ್ಲ ಅನ್ನಿಸುತ್ತಲೇ ಒಳಗೆ ಎಲ್ಲವೂ ಆಗುತ್ತಿದ್ದ ಕಾಲ ಅದು. ಆ ವಯಸ್ಸಿನ ಕಥೆ ಮೊದಲ ಪುಟದಲ್ಲೇ ಕತ್ತಿ ಹಿಡಿದು ಓಡಿದರೆ ನನಗೆ ನಂಬಿಕೆ ಬರುವುದಿಲ್ಲ. ದೀಪ ಹಚ್ಚುವ ನಾಲ್ಕು ಗಂಟೆಗಳನ್ನು ನಾನು ನಂಬಿದೆ.

ಈಗ ಅಕ್ಕನ ಮಗಳು ಈ ಪುಸ್ತಕ ಕೇಳುತ್ತಿದ್ದಾಳೆ. ಹದಿನಾರು ವರ್ಷ ಅವಳಿಗೆ. ನಿನ್ನೆ ರಾತ್ರಿ ಮೆಸೇಜ್ ಬಂತು: "ಚಿಕ್ಕಮ್ಮಾ, ಮೂರು ಗಂಟೆ ಆಯ್ತು. ಬರೀ ದೀಪ ಹಚ್ತಾನೇ ಇದಾಳೆ. ಮುಂದಕ್ಕೆ ಓಡಿಸ್ಲಾ?"

ಬೇಡ ಕಣೇ ಅಂತ ಬರೆದೆ. ಆಮೇಲೆ ಇನ್ನೊಂದು ಸಾಲು ಸೇರಿಸಿದೆ: ಅಜ್ಜಿ ಹಾಡೋದು ನಿಂಗೆ ಬಾಯಿಪಾಠ ಆಯ್ತಾ?

ಅರ್ಧ ನಿಮಿಷದಲ್ಲಿ ಅವಳಿಂದ ಒಂದು ವಾಯ್ಸ್ ಮೆಸೇಜ್ ಬಂತು. ಮೂರು ಸಾಲನ್ನೂ ಒಂದಕ್ಷರ ತಪ್ಪದೆ ಹಾಡಿದ್ದಳು.