ಹೆಲ್ಮೆಟ್ ಹಾಕಿದವನ ಕೈಗೆ ಆ್ಯಪ್ ಕೊಡಿ

ಬಳ್ಳಾರಿ-ಕೊಪ್ಪಳದ ತೋರಣಗಲ್ಲು, ಕುಡತಿನಿ, ಗಿಣಿಗೇರಾ ಕಡೆಯ ಹಲವು ಕಾರ್ಖಾನೆಗಳಲ್ಲಿ ಈಗ ಸೇಫ್ಟಿ ಸಾಫ್ಟ್‌ವೇರ್‌ದೇ ಮಾತು. ಮಾರ್ಚ್ 4ರ ಸುರಕ್ಷತಾ ದಿನಕ್ಕೆ ಮೊದಲೆಲ್ಲ ಬ್ಯಾನರ್, ಪ್ರತಿಜ್ಞೆ, ಸಿಹಿ ಹಂಚುವುದು ಇರುತ್ತಿತ್ತು. ಈಗ ಅದರ ಜೊತೆ ಒಂದು ಆ್ಯಪ್ ಉದ್ಘಾಟನೆಯೂ ಸೇರಿಕೊಂಡಿದೆ. ನಾನು ಅದಿರಿನಿಂದ ಕಬ್ಬಿಣ ಮಾಡುವ ಸ್ಪಾಂಜ್ ಐರನ್ ಪ್ಲಾಂಟ್‌ಗಳಲ್ಲಿ ಶಟ್‌ಡೌನ್ ಕೆಲಸ, ಅಂದರೆ ಯಂತ್ರ ನಿಲ್ಲಿಸಿ ಮಾಡುವ ರಿಪೇರಿ, ಮಾಡಿಸುವವನು. ಸಾಫ್ಟ್‌ವೇರ್ ಬೇಡ ಅನ್ನುವ ಗುಂಪಿನವನಲ್ಲ. ಬೇಕೇ ಬೇಕು. ಅದು ಯಾರ ಕೈಯಲ್ಲಿರಬೇಕು ಅನ್ನುವುದರಲ್ಲಿ ಮಾತ್ರ ನನ್ನ ತಕರಾರು.

ಯಾಕೆ ಬೇಕು ಅಂತ ಕೇಳುವವರಿಗೆ ನಾನು ಪೈಪರ್ ಆಲ್ಫಾ ಕತೆ ಹೇಳುತ್ತೇನೆ. ಉತ್ತರ ಸಮುದ್ರದ ತೈಲ ಪ್ಲಾಟ್‌ಫಾರ್ಮ್ ಅದು. 1988ರ ಜುಲೈ 6. ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ ರಿಪೇರಿಗೆ ತೆಗೆದಿದ್ದರು. ವಾಲ್ವ್‌ಗೆ ಒಂದು ಪರ್ಮಿಟ್ (ಕೆಲಸಕ್ಕೆ ಬರೆದುಕೊಡುವ ಅನುಮತಿ), ಅದೇ ಪಂಪಿನ ಬೇರೆ ಕೆಲಸಕ್ಕೆ ಇನ್ನೊಂದು ಪರ್ಮಿಟ್. ವಾಲ್ವ್ ಇಲ್ಲ ಅನ್ನುವ ಕಾಗದ ರಾತ್ರಿ ಪಾಳಿಯವರ ಕಣ್ಣಿಗೆ ಬೀಳಲೇ ಇಲ್ಲ. ಇನ್ನೊಂದು ಪಂಪ್ ಕೈಕೊಟ್ಟಿತು, ಇದನ್ನು ಚಾಲೂ ಮಾಡಿದರು. ಗ್ಯಾಸ್ ಸೋರಿ ಹೊತ್ತಿಕೊಂಡಿತು. 167 ಜನ ಸತ್ತರು.

ಇಂಥದ್ದನ್ನು ತಡೆಯಲು ಇ-ಪರ್ಮಿಟ್‌ಗಿಂತ, ಅಂದರೆ ಕಂಪ್ಯೂಟರಿನಲ್ಲೇ ಕೊಡುವ ಪರ್ಮಿಟ್‌ಗಿಂತ, ಒಳ್ಳೆಯದು ಇಲ್ಲ. ಸರಿಯಾಗಿ ಹಾಕಿಸಿದರೆ, ಒಂದೇ ಯಂತ್ರದ ಮೇಲೆ ಎರಡು ಪರ್ಮಿಟ್ ಇದ್ದರೆ ಎರಡೂ ಮುಗಿಯುವ ತನಕ ಅದು ಚಾಲೂ ಮಾಡಲು ಒಪ್ಪಿಗೆ ಕೊಡುವುದಿಲ್ಲ. ಮೇಲೆ ವೆಲ್ಡಿಂಗ್, ಕೆಳಗೆ ಗ್ಯಾಸ್ ಲೈನ್ ಬಿಚ್ಚುವುದು ಒಂದೇ ಹೊತ್ತಿಗೆ ಬಿದ್ದರೆ ತಡೆಯುತ್ತದೆ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಫೈಲ್ ಹುಡುಕುವ ಮನುಷ್ಯನಿಂದ ಇದು ಆಗದು.

ಆದರೆ ನಮ್ಮಲ್ಲಿ ನಡೆಯುವುದು ನೋಡಿ.

ಕಿಲ್ನ್ (ಅದಿರು ಕಾಯಿಸುವ ದೊಡ್ಡ ಕುಲುಮೆ) ನಿಲ್ಲಿಸಿದ ಮೇಲೆ ಒಳಗೋಡೆಗೆ ಕಟ್ಟಿಕೊಂಡ ಅಕ್ರೀಷನ್, ಅಂದರೆ ಗಟ್ಟಿ ಗಡ್ಡೆ, ಒಡೆಯಲು ಜನ ಒಳಗೆ ಹೋಗಬೇಕು. ಮುಟ್ಟಿದರೆ ಇನ್ನೂ ಬಿಸಿ. ಮೇಲಿನಿಂದ ಗಡ್ಡೆ ಕಳಚಿ ಬೀಳಬಹುದು. ಇದರ ಮೇಲೆ ಕಾರ್ಬನ್ ಮೊನಾಕ್ಸೈಡ್ (ಸಿಒ) ಅನ್ನುವ ವಿಷಗಾಳಿಯ ಭಯ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದಕ್ಕೇ ಒಳಗೆ ಕಾಲಿಡುವ ಮೊದಲು ಮೀಟರ್ ಹಿಡಿದು ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇಲ್ಲ, ಸಿಒ ಇಲ್ಲ ಅಂತ ನೋಡಬೇಕು. ಊಟ ಮುಗಿಸಿ ಮತ್ತೆ ಒಳಗೆ ಹೋಗುವಾಗ ಮತ್ತೆ ನೋಡಬೇಕು. ನಾನು ಕಂಡ ಒಂದು ಪ್ಲಾಂಟಿನಲ್ಲಿ ಆ್ಯಪ್ ಬಂದ ಮೇಲೆ ಈ ರೀಡಿಂಗ್ ತುಂಬುತ್ತಿದ್ದವರು ಕಂಟ್ರೋಲ್ ರೂಮಿನ ಎಸಿಯಲ್ಲಿ ಕೂತವರು. ಬೆಳಗಿನ ನಂಬರನ್ನೇ ಮಧ್ಯಾಹ್ನಕ್ಕೂ ಹಾಕುತ್ತಿದ್ದರು. ಪರದೆಯಲ್ಲಿ ಎಲ್ಲ ಹಸಿರು! ಮೀಟರ್ ಚಾರ್ಜರ್‌ನಲ್ಲೇ ನೇತಾಡುತ್ತಿತ್ತು. ಮೀಟರ್‌ನಿಂದ ರೀಡಿಂಗ್ ನೇರ ಆ್ಯಪ್‌ಗೆ ಹೋಗುವ ವ್ಯವಸ್ಥೆ ಮಾರುಕಟ್ಟೆಯಲ್ಲಿದೆ. ಅದಕ್ಕೆ ಸ್ವಲ್ಪ ಜಾಸ್ತಿ ದುಡ್ಡು, ಅದಕ್ಕೇ ಬೇಡ ಅಂದರಂತೆ.

ಇನ್ನೊಂದು, ಗೇಟಿನ ಬೋರ್ಡು. ‘ಅಪಘಾತವಿಲ್ಲದ ದಿನಗಳು’ ಅಂತ ಇರುತ್ತದಲ್ಲ, ಅದು. ಪೆಟ್ಟು ಬಿದ್ದವನು 48 ಗಂಟೆಯೊಳಗೆ ಕೆಲಸಕ್ಕೆ ಬರದಿದ್ದರೆ ಕಾರ್ಖಾನೆ ಇನ್‌ಸ್ಪೆಕ್ಟರ್‌ಗೆ ತಿಳಿಸಬೇಕು ಅಂತ ಫ್ಯಾಕ್ಟರಿ ಕಾಯ್ದೆಯ ಕಾಲದಿಂದಲೂ ಇದೆ. ಅದಕ್ಕೆ ಏನು ಮಾಡುತ್ತಾರೆ ಗೊತ್ತಾ? ಬ್ಯಾಂಡೇಜ್ ಸುತ್ತಿದ ಕೈಯಲ್ಲೇ ಮರುದಿನ ಅವನನ್ನು ಜೀಪಿನಲ್ಲಿ ಕರೆತಂದು, ಹಾಜರಿ ಹಾಕಿಸಿ, ಸಂಜೆಯ ತನಕ ಟೈಮ್ ಆಫೀಸಿನ ಬೆಂಚಿನ ಮೇಲೆ ಕೂರಿಸುತ್ತಾರೆ. ಬೋರ್ಡಿನ ಅಂಕಿ ಮುಂದೆ ಹೋಗುತ್ತದೆ. ಈ ಸುಳ್ಳನ್ನೇ ಕಂಪ್ಯೂಟರಿಗೆ ತುಂಬಿದರೆ ಅದು ಬಣ್ಣ ಬಣ್ಣದ ಗ್ರಾಫ್ ಬರೆದುಕೊಡುತ್ತದೆ, ಅಷ್ಟೇ. ತನಿಖೆಯ ಪುಟದಲ್ಲಿ ‘ಕಾರಣ’ ಅಂತ ಒಂದು ಪಟ್ಟಿ ತೆರೆಯುತ್ತದೆ. ನಾನು ನೋಡಿದ್ದರಲ್ಲಿ ಮೊದಲ ಸಾಲೇ ‘ಕಾರ್ಮಿಕನ ಅಜಾಗರೂಕತೆ’. ಕೆಳಗೆ ಇಳಿದು ನೋಡುವ ತಾಳ್ಮೆ ಯಾರಿಗಿದೆ? ಮೊಸರು ತಿಂದಿದ್ದು ಮಂಗ, ಮೆತ್ತಿದ್ದು ಮೇಕೆ ಮೂತಿಗೆ.

ನಿಜವಾದ ಮಾಹಿತಿ ಇರುವುದು ಕೆಳಗಿನ ಹುಡುಗರ ಹತ್ತಿರ. ಮೊನ್ನೆ ಕನ್ವೇಯರ್ ಪಕ್ಕದ ನಡೆದಾಡುವ ದಾರಿಯಲ್ಲಿ ಒಂದು ಗ್ರೇಟಿಂಗ್ (ಕಾಲಡಿಯ ಕಬ್ಬಿಣದ ಜಾಲರಿ) ಸಡಿಲ ಆಗಿತ್ತು. ಒಡಿಶಾದ ಹೆಲ್ಪರ್ ಒಬ್ಬ ಅದನ್ನು ಕಂಡು, ತನ್ನ ಹಳೇ ಕೆಂಪು ಗಮ್ಚಾ ಹರಿದು ರೇಲಿಂಗ್‌ಗೆ ಕಟ್ಟಿ ಹೋಗಿದ್ದ. ಆ್ಯಪಿನಲ್ಲಿ ಹಾಕಬೇಕಿತ್ತು ಅಲ್ವಾ ಅಂತ ಸೂಪರ್‌ವೈಸರ್ ಗದರಿದರು. ಹೇಗೆ ಹಾಕಬೇಕು? ಎಂಪ್ಲಾಯಿ ಐಡಿ ಬೇಕು, ಅದು ಕಾಂಟ್ರಾಕ್ಟ್ ಲೇಬರ್‌ಗೆ ಇಲ್ಲ. ಆ್ಯಪ್ ಇಂಗ್ಲಿಷಿನಲ್ಲಿ. ವಿಭಾಗದ ಕೋಡ್ ಅಂತೂ ನಮಗೇ ಗೊತ್ತಿರುವುದಿಲ್ಲ. ಅವನಿಗೆ ಬೇಕಿದ್ದದ್ದು ಒಂದು ಫೋಟೋ, ಒಡಿಯಾದಲ್ಲೋ ಹಿಂದಿಯಲ್ಲೋ ಎರಡು ಮಾತಿನ ವಾಯ್ಸ್, ಒಂದು ಬಟನ್. ವಾಟ್ಸ್‌ಆ್ಯಪಿನಲ್ಲಿ ಅವನು ದಿನಾ ಊರಿಗೆ ಮಾಡುವುದು ಅದನ್ನೇ.

ಹಾಕಿದ ಮೇಲೆ ಏನಾಗುತ್ತದೆ ಅನ್ನುವುದೂ ಇದೆ. ತಿಂಗಳ ಮೀಟಿಂಗ್‌ನಲ್ಲಿ ನಿಯರ್ ಮಿಸ್ (ಕೂದಲೆಳೆಯಲ್ಲಿ ತಪ್ಪಿದ ಅಪಘಾತ) ಸಂಖ್ಯೆ ಏರಿದರೆ ಕಾಂಟ್ರಾಕ್ಟರ್‌ಗೆ ನೋಟಿಸ್, ಬಿಲ್‌ನಲ್ಲಿ ಕಡಿತ. ಅವನು ಮುಂದಿನ ತಿಂಗಳು ಹುಡುಗರಿಗೆ ಬಾಯಿ ಮುಚ್ಚಿಕೊಂಡಿರಿ ಅನ್ನುತ್ತಾನೆ. ಇಷ್ಟು ದೊಡ್ಡ ಪ್ಲಾಂಟಿನಲ್ಲಿ ತಿಂಗಳಿಗೆ ಒಂದೂ ನಿಯರ್ ಮಿಸ್ ಬರಲಿಲ್ಲ ಅಂದರೆ ನನಗಂತೂ ಗಾಬರಿ. ಭೋಪಾಲ್ ಆದ ಮೇಲೆ 1987ರಲ್ಲಿ ಫ್ಯಾಕ್ಟರಿ ಕಾಯ್ದೆಗೆ ಸೇರಿಸಿದ 41-ಎಚ್ ಕಲಂನಲ್ಲಿ, ಅಪಾಯಕಾರಿ ಕೆಲಸದ ಕಾರ್ಮಿಕ ಅಪಾಯ ಕಂಡರೆ ಹೇಳಬಹುದು, ಮ್ಯಾನೇಜ್‌ಮೆಂಟ್ ತಕ್ಷಣ ಕ್ರಮ ತೆಗೆದುಕೊಳ್ಳಬೇಕು ಅಂತಿತ್ತು. ಆ್ಯಪ್ ಬಂದು ಆ ಹಕ್ಕು ಸುಲಭ ಆಗಬೇಕಿತ್ತು. ಹೆಸರು ಹಾಕದೆ ರಿಪೋರ್ಟ್ ಮಾಡಲು ಬಿಡಿ, ಸರಿ ಮಾಡಿದ ಫೋಟೋ ಅವನ ಫೋನಿಗೇ ವಾಪಸ್ ಕಳಿಸಿ. ಎರಡು ಸಲ ಹೀಗಾದರೆ ಮೂರನೇ ಸಲ ಅವನೇ ಹುಡುಕಿ ಹಾಕುತ್ತಾನೆ.

ಮುಂದಿನ ಸಲ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಡೆಮೊ ಕೊಡಲು ಬಂದವರನ್ನು ಕಾನ್ಫರೆನ್ಸ್ ಹಾಲ್‌ಗೆ ಕರೆದೊಯ್ಯಬೇಡಿ. ಚಹಾ ಆಮೇಲೆ ಕೊಡೋಣ. ಏಪ್ರಿಲ್ ಮಧ್ಯಾಹ್ನ ಕಿಲ್ನ್ ಪ್ಲಾಟ್‌ಫಾರ್ಮ್ ಹತ್ತಿಸಿ. ಕಬ್ಬಿಣದ ಶೆಡ್ಡಿನೊಳಗೆ ನೆಟ್‌ವರ್ಕ್ ಇಲ್ಲದಾಗ ಬರೆದದ್ದು ಉಳಿಯುತ್ತದಾ ನೋಡಿ. ಗ್ಯಾಸ್ ಏರಿಯಾದೊಳಗೆ ಮಾಮೂಲಿ ಫೋನ್ ಒಯ್ಯುವಂತಿಲ್ಲ, ಅಲ್ಲಿಗೆ ಕಿಡಿ ಹಾರದಂಥ ಬೇರೆ ಫೋನ್ ಯಾರು ಕೊಡುತ್ತಾರೆ ಅಂತ ಕೇಳಿ. ಚರ್ಮದ ಗ್ಲೌಸ್ ಹಾಕಿದ ಒಬ್ಬ ಹೆಲ್ಪರ್ ಕೈಗೆ ಅದನ್ನು ಕೊಟ್ಟು ಒಂದು ರಿಪೋರ್ಟ್ ಹಾಕಿಸಿ. ಹಾಕಲು ಬಂತಾ? ಹಾಗಾದರೆ ರೇಟ್ ಮಾತಾಡಿ.